ಕ್ಯಾಮೆರಾ ಇಲ್ಲದ ಸಂಸತ್ತು

ಸಂಸತ್ತು ಅಂದ್ರೆ ನಮಗೆ ರೀಲ್ಸ್‌ನಲ್ಲಿ ಸಿಗೋ ಗದ್ದಲ. ಲೋಕಸಭೆಯಲ್ಲಿ 11 ಗಂಟೆಗೆ ಪ್ರಶ್ನೋತ್ತರ, 12ಕ್ಕೆ ಶೂನ್ಯವೇಳೆ, ಆಮೇಲೆ ಮಸೂದೆಗಳು. ಆದರೆ ಮಸೂದೆಯನ್ನು ಸಾಲುಸಾಲಾಗಿ ಓದುವ ಕೆಲಸ ನಡೆಯಬೇಕಾದದ್ದು ಸ್ಥಾಯಿ ಸಮಿತಿಗಳಲ್ಲಿ.

1993ರಲ್ಲಿ ಶುರುವಾದ ಇಲಾಖಾವಾರು ಸಮಿತಿಗಳು ಈಗ 24 ಇವೆ. ಒಂದೊಂದರಲ್ಲೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಅಧಿವೇಶನ ಇಲ್ಲದಾಗಲೂ ಸಭೆ ಸೇರ್ತಾರೆ. ಅಧಿಕಾರಿಗಳನ್ನು ಕರೆಸಿ ವಿಚಾರಿಸ್ತಾರೆ, ತಜ್ಞರ ಮಾತು ಕೇಳ್ತಾರೆ. ಕ್ಯಾಮೆರಾ ಇಲ್ಲದಿರೋದ್ರಿಂದ ಭಾಷಣ ಬಿಗಿಯೋ ಚಪಲವೂ ಕಮ್ಮಿ. ಇವರ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕು ಅಂತೇನಿಲ್ಲ, ಅದು ಬೇರೆ ಮಾತು.

ತೊಂದರೆ ಏನಪ್ಪಾ ಅಂದ್ರೆ, ಮಸೂದೆಯನ್ನು ಸಮಿತಿಗೆ ಕಳಿಸಲೇಬೇಕೆಂಬ ನಿಯಮವೂ ಇಲ್ಲ. 15ನೇ ಲೋಕಸಭೆಯ (2009-14) ಅವಧಿಯಲ್ಲಿ ಸುಮಾರು ಶೇ. 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು. 17ನೆಯದರಲ್ಲಿ (2019-24) ಹೋಗಿದ್ದು ಬರೀ ಶೇ. 16ರಷ್ಟು. 2020ರ ಕೃಷಿ ಮಸೂದೆಗಳೂ ಹೋಗಲಿಲ್ಲ. ಕೋವಿಡ್ ಕಾರಣ ಕೊಟ್ಟು ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೂ ಕೈಬಿಟ್ಟಿದ್ದರು. ಸಮಿತಿ ಕೋಣೆಯಲ್ಲಿ ಕೇಳಬಹುದಿದ್ದ ಮಾತನ್ನು ರೈತರು ದೆಹಲಿ ಗಡಿಯಲ್ಲಿ ವರ್ಷಕ್ಕೂ ಹೆಚ್ಚು ಕಾಲ ಕೂತು ಹೇಳಬೇಕಾಯ್ತು. 2021ರ ನವೆಂಬರ್ 29ರಂದು ಆ ಕಾಯ್ದೆಗಳ ವಾಪಸಾತಿ ಮಸೂದೆ ಕೂಡ ಚರ್ಚೆಯಿಲ್ಲದೆಯೇ ಪಾಸಾಯ್ತು!

ಸಮಿತಿಗೆ ಹೋದ ಮಸೂದೆಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕರೆಯೋದುಂಟು. ಪ್ರಕಟಣೆ ಬಂದಾಗ ನೀವೂ ಬರೆದು ಕಳಿಸಬಹುದು.