ಹೊಳೆಗೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ?

"ಹರಿಯುವ ನೀರು, ಎಲ್ಲವನ್ನೂ ಸಮುದ್ರಕ್ಕೆ ಒಯ್ಯುತ್ತೆ ಬಿಡಿ" ಎನ್ನುವುದು ನಮ್ಮಲ್ಲಿ ಹಳೆಯ ಮಾತು. ಬಾಳೆಲೆ, ಹೂವು, ಮಣ್ಣಿನ ಕುಡಿಕೆಯ ಕಾಲಕ್ಕೆ ಅದರಿಂದ ಕೇಡೇನೂ ಆಗಲಿಲ್ಲ. ಪ್ಲಾಸ್ಟಿಕ್ ಮಾತ್ರ ಬಹುಪಾಲು ಸಮುದ್ರ ಕಾಣುವುದೇ ಇಲ್ಲ. ದಡದ ಬೇರಿಗೆ, ಸೇತುವೆಯ ಕಂಬಕ್ಕೆ, ಹಿನ್ನೀರಿನ ಕೆಸರಿಗೆ ಸಿಕ್ಕಿ ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ಬಸವನಗುಡಿಯ ಕಡೆ ಹುಟ್ಟುವ ವೃಷಭಾವತಿ ಬೆಂಗಳೂರಿನ ಕಸ ಹೊತ್ತು ಮೊದಲು ನಿಲ್ಲುವುದು ಬಿಡದಿ ಹತ್ತಿರದ ಬೈರಮಂಗಲ ಕೆರೆಯಲ್ಲಿ; ಅಲ್ಲಿನ ರೈತರ ಪಾಲಿಗೆ ಸಮುದ್ರ ಅಂದರೆ ಅದೇ.

ತಪ್ಪೆಲ್ಲ ದೊಡ್ಡ ನದಿಗಳದ್ದು ಎಂಬ ನಂಬಿಕೆಗೆ ಒಮ್ಮೆ ವಿಜ್ಞಾನದ ಬೆಂಬಲವೂ ಇತ್ತು. ಜಗತ್ತಿನ ನದಿಗಳು ಕಡಲಿಗೆ ಸುರಿಯುವ ಪ್ಲಾಸ್ಟಿಕ್ಕಿನಲ್ಲಿ ಹೆಚ್ಚಿನದು ಹತ್ತೇ ನದಿಗಳದ್ದು ಎಂದು 2017ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. 2021ರಲ್ಲಿ ಬಂದ ಲೆಕ್ಕ ಅದನ್ನು ತಿದ್ದಿತು: ಶೇ 80ರಷ್ಟು ಪ್ಲಾಸ್ಟಿಕ್ಕಿಗೆ ಸಾವಿರಕ್ಕೂ ಹೆಚ್ಚು ನದಿಗಳು ಕಾರಣ, ಅದರಲ್ಲೂ ಊರೊಳಗೆ ಹರಿಯುವ ಸಣ್ಣವು. ನಾವು ರಾಜಕಾಲುವೆ, ಮೋರಿ ಎಂದು ಕರೆದು ಮೂಗು ಮುಚ್ಚಿಕೊಳ್ಳುವಂಥವು. ಅವು ಕಟ್ಟಿಕೊಂಡರೆ ಮಳೆನೀರು ನುಗ್ಗುವುದು ಪಕ್ಕದ ಮನೆಗಳಿಗೆ. 1988 ಮತ್ತು 1998ರ ನೆರೆಯಲ್ಲಿ ಚರಂಡಿ ಕಟ್ಟಿದ ಪಾಲಿಥಿನ್ ಚೀಲಗಳನ್ನು ನೆನೆದೇ ಬಾಂಗ್ಲಾದೇಶ 2002ರಲ್ಲಿ ಅವನ್ನು ನಿಷೇಧಿಸಿತು.

"ಬಟ್ಟೆ ಪ್ಲಾಸ್ಟಿಕ್ ಅಲ್ಲವಲ್ಲ?" ಇದು ನನ್ನನ್ನು ಹೆಚ್ಚು ಕಾಡುವ ತಪ್ಪು ತಿಳಿವಳಿಕೆ. ತೀರ್ಥಸ್ನಾನ ಮುಗಿಸಿ ಉಟ್ಟ ಬಟ್ಟೆ ನೀರಿಗೆ ಬಿಟ್ಟರೆ ದೋಷ ಕಳೆಯಿತು ಎನ್ನುವವರು ನೇತ್ರಾವತಿಯಲ್ಲೂ ಸಿಗುತ್ತಾರೆ, ಕಾವೇರಿಯಲ್ಲೂ. ಹತ್ತಿಯ ಪಂಚೆಯಾದರೆ ಕೊಳೆತು ಮಣ್ಣಾದೀತು. ಪಾಲಿಯೆಸ್ಟರ್ ಸೀರೆ ಹಾಗಲ್ಲ. ನೀರಿನ ಬಾಟಲಿಯೂ ಅದೂ ಒಂದೇ ಪ್ಲಾಸ್ಟಿಕ್ಕಿನವು. ಬಾಟಲಿಯಾದರೂ ತೇಲಿ, ಹೆಕ್ಕುವವರ ಕಣ್ಣಿಗೆ ಬಿದ್ದು ಗುಜರಿ ಸೇರೀತು. ಸೀರೆ ನೀರು ಕುಡಿದು ತಳಕ್ಕಿಳಿದು, ಕಲ್ಲಿಗೆ ಸುತ್ತಿಕೊಂಡು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಪಾಲಿಯೆಸ್ಟರ್ ಹುಟ್ಟುವ ಮೊದಲೇ ಬರೆದ ಶಾಸ್ತ್ರಗಳ ಮೇಲೆ ಈ ಭಾರ ಹೊರಿಸುವುದೂ ನ್ಯಾಯವಲ್ಲ.

ಇನ್ನು, ಪ್ಲಾಸ್ಟಿಕ್ ಕಣ್ಣಿಗೆ ಕಾಣದಷ್ಟು ಚೂರಾದರೆ ತೊಂದರೆ ತೀರಿತು ಎಂಬುದು ಮತ್ತೊಂದು ತಪ್ಪು ನಂಬಿಕೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನೊಂಗ್‌ತೊಂಬಾ ತಂಡ ಕೆಆರ್‌ಎಸ್ ಅಣೆಕಟ್ಟೆಯ ಬಳಿ ಮೂರು ಕಡೆ ನೀರು ತೆಗೆದು, ಅದರಲ್ಲಿ ಝೀಬ್ರಾ ಮೀನಿನ ಭ್ರೂಣಗಳನ್ನು ಬೆಳೆಸಿ ನೋಡಿತು. ನಿಧಾನ ಹರಿವಿನ ಮತ್ತು ನಿಂತ ನೀರಿನಲ್ಲಿ ಅವುಗಳ ಮೂಳೆ ಸೊಟ್ಟಗಾಯಿತು, ಹೃದಯಕ್ಕೆ ಹಾನಿಯಾಯಿತು; ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ಮೇಲೂ. ಆ ನೀರಲ್ಲಿ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳ ಜತೆ ವಿಷಕಾರಿ ರಾಸಾಯನಿಕವೂ ಸಿಕ್ಕಿತ್ತು. ಮನುಷ್ಯರಿಗೂ ಹಾಗೇ ಆಗುತ್ತದೆ ಎನ್ನುವುದು ಅವಸರದ ಮಾತು. ಆದರೆ ಹಿನ್ನೀರಿನ ಬೆಸ್ತರು ಬಲೆ ಬೀಸುವುದು ನಿಂತ ನೀರಿಗೇ.