ಕಾರು ಕಲಿಕೆ: ದರಕ್ಕಿಂತ ಮೊದಲು ಗಂಟೆ ಕೇಳಿ

ಬೆಂಗಳೂರು: ಪಿಯುಸಿ ಪರೀಕ್ಷೆ ಮುಗಿದು ಮಗನಿಗೋ ಮಗಳಿಗೋ 18 ವರ್ಷ ತುಂಬುತ್ತಿದ್ದಂತೆ ಮನೆಯಲ್ಲಿ ಕಾರು ಕಲಿಸುವ ಮಾತು ಆರಂಭವಾಗುತ್ತದೆ. ಬಡಾವಣೆಯ ಡ್ರೈವಿಂಗ್ ಸ್ಕೂಲಿಗೆ ಹೋಗುವ ಪೋಷಕರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಶುಲ್ಕ ಎಷ್ಟು, ಡಿಎಲ್ ಯಾವಾಗ ಕೈಗೆ ಬರುತ್ತದೆ? ಕಲಿಯುವವರು ಸ್ಟೇರಿಂಗ್ ಹಿಡಿದು ಎಷ್ಟು ಗಂಟೆ ವಾಹನ ಓಡಿಸುತ್ತಾರೆ ಎಂದು ವಿಚಾರಿಸುವವರು ವಿರಳ.

ಶುಲ್ಕದ ವಿಷಯದಲ್ಲಿ ಹೆಚ್ಚು ಹುಡುಕಾಟ ಬೇಕಿಲ್ಲ. ರಾಜ್ಯ ಸರ್ಕಾರವೇ ದರ ನಿಗದಿಪಡಿಸುತ್ತದೆ. 2024ರ ಜನವರಿಯಲ್ಲಿ ಜಾರಿಗೆ ಬಂದ ಪರಿಷ್ಕರಣೆಯಲ್ಲಿ ಕಾರು ತರಬೇತಿಗೆ 7,000 ರೂ. ಗೊತ್ತುಪಡಿಸಲಾಯಿತು. ಶಾಲೆ ಶಾಲೆಗೂ ವ್ಯತ್ಯಾಸವಿರುವುದು ಆ ಹಣಕ್ಕೆ ದೊರೆಯುವ ಕಲಿಕೆಯಲ್ಲಿ.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಖಾಸಗಿ ಕಾರಿನ ತರಬೇತಿ 21 ದಿನಗಳಿಗೆ ಕಡಿಮೆ ಇರುವಂತಿಲ್ಲ. ವಾಹನ ಓಡಿಸುವ ಅವಧಿ ಕನಿಷ್ಠ 10 ಗಂಟೆ ಇರಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಲೆಕ್ಕ ಸರಿಹೋಗುತ್ತದೆ. ಆದರೆ ಒಂದೇ ಕಾರಿನಲ್ಲಿ ನಾಲ್ವರನ್ನು ಕೂರಿಸಿ ಒಂದು ಗಂಟೆ ಸುತ್ತಿಸಿದರೆ ಒಬ್ಬೊಬ್ಬರಿಗೆ ಸಿಗುವುದು 15 ನಿಮಿಷ ಮಾತ್ರ. ಉಳಿದ 45 ನಿಮಿಷ ಹಿಂದಿನ ಸೀಟಿನ ಪ್ರಯಾಣ. 20 ದಿನ ಹೀಗೆ ಹೋದರೂ ಓಡಿಸಿದ್ದು ಐದೇ ಗಂಟೆ.

ಪ್ರತಿ ಶಿಕ್ಷಾರ್ಥಿಯ ಚಾಲನಾ ಗಂಟೆಗಳನ್ನು ಶಾಲೆಯು ನಮೂನೆ 15ರ ವಹಿಯಲ್ಲಿ ದಾಖಲಿಸಬೇಕು. ಹಣ ಕಟ್ಟುವ ಮುನ್ನ ಈ ವಹಿಯನ್ನು ಕೇಳಿ ನೋಡಬಹುದು. ತೋರಿಸಲು ಹಿಂಜರಿಯುವ ಶಾಲೆಯ ಬಗ್ಗೆ ಎರಡನೇ ಬಾರಿ ಯೋಚಿಸುವುದು ಒಳಿತು. ಸಾರಿಗೆ ಇಲಾಖೆಯ ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದನ್ನೂ ಆಗಲೇ ಗಮನಿಸಬೇಕು.

ತರಬೇತಿ ಕಾರಿನಲ್ಲಿ ಬೋಧಕರ ಕಾಲ ಬಳಿಯೂ ಬ್ರೇಕ್ ಇರಬೇಕೆಂಬುದು ನಿಯಮ. ಇದು ಸುರಕ್ಷತೆಗೆ ಅನಿವಾರ್ಯ. ಆದರೆ ಇದರಿಂದ ಒಂದು ಭ್ರಮೆಯೂ ಹುಟ್ಟುತ್ತದೆ. ಫ್ಲೈಓವರ್ ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ಕಾರನ್ನು ನಿಲ್ಲಿಸಿದ್ದು ಬೋಧಕರೇ ಆಗಿದ್ದರೂ ತಾನೇ ನಿಲ್ಲಿಸಿದೆನೆಂದು ಹುಡುಗ ನಂಬಿರುತ್ತಾನೆ. ಕೊನೆಯ ವಾರದಲ್ಲಾದರೂ ಬೋಧಕರು ಪೆಡಲ್‌ನಿಂದ ಕಾಲು ತೆಗೆದು ಕೂರುತ್ತಾರೆಯೇ, ಸಂಜೆಯ ದಟ್ಟಣೆಯಲ್ಲಿ, ಸಾಧ್ಯವಾದರೆ ಮಳೆಯಲ್ಲಿ ಓಡಿಸಲು ಬಿಡುತ್ತಾರೆಯೇ ಎಂದು ಈಗಾಗಲೇ ಕಲಿತವರನ್ನು ವಿಚಾರಿಸುವುದು ಉತ್ತಮ.

ತಂದೆಯೇ ಕಲಿಸಬಹುದೇ? ಎಲ್‌ಎಲ್‌ಆರ್ ಇದ್ದು, ಮುಂದೆ ಹಿಂದೆ ಕೆಂಪು ‘ಎಲ್’ ಫಲಕ ಹಾಕಿ, ಡಿಎಲ್ ಇರುವವರು ಪಕ್ಕದಲ್ಲಿ ಕುಳಿತರೆ ಕಾನೂನಿನ ಅಡ್ಡಿಯಿಲ್ಲ. ಆದರೆ ಮನೆಯ ಕಾರಿನಲ್ಲಿ ಎರಡನೇ ಬ್ರೇಕ್ ಇಲ್ಲ, ತಂದೆಗೆ ಬೋಧಕರ ತಾಳ್ಮೆಯೂ ಇರುವುದು ಅಪರೂಪ. ಶಾಲೆಯಲ್ಲಿ ಕಲಿತ ಮೇಲೆ ಅಭ್ಯಾಸಕ್ಕೆ ಮನೆಯ ಕಾರು ಬಳಸುವುದು ಸೂಕ್ತ.

2021ರ ಜುಲೈನಲ್ಲಿ ಜಾರಿಯಾದ ನಿಯಮದಂತೆ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳು ಮೂರನೇ ಆಯ್ಕೆ. ಲಘು ವಾಹನಕ್ಕೆ ಇಲ್ಲಿ 29 ಗಂಟೆಗಳ ಶಿಕ್ಷಣ. ಅದರಲ್ಲಿ 21 ಗಂಟೆ ಪ್ರಾಯೋಗಿಕ. ಇಲ್ಲಿ ಉತ್ತೀರ್ಣರಾದವರಿಗೆ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿಯಿದೆ. ಬೀದಿ ಬದಿಯ ಸಾಮಾನ್ಯ ಶಾಲೆಯ ಪ್ರಮಾಣಪತ್ರಕ್ಕೆ ಈ ಸೌಲಭ್ಯವಿಲ್ಲ. ‘ಟೆಸ್ಟ್ ಇಲ್ಲದೆ ಡಿಎಲ್’ ಎಂದು ಯಾರಾದರೂ ಹೇಳಿದರೆ ಮಾನ್ಯತಾ ಪತ್ರ ಕೇಳಬೇಕು.

18 ತುಂಬದವರಿಗೆ ಕಾರಿನ ಎಲ್‌ಎಲ್‌ಆರ್ ದೊರೆಯುವುದಿಲ್ಲ. 16ಕ್ಕೆ ಅವಕಾಶವಿರುವುದು 50 ಸಿಸಿ ಮೀರದ ದ್ವಿಚಕ್ರ ವಾಹನಕ್ಕೆ. ಪಿಯು ವಿದ್ಯಾರ್ಥಿಗಳು ಓಡಿಸುವ 110 ಸಿಸಿ ಸ್ಕೂಟರ್ ಈ ಮಿತಿಯೊಳಗೆ ಬರುವುದಿಲ್ಲ. 2019ರ ತಿದ್ದುಪಡಿಯಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಮಾಲೀಕರಿಗೆ 25,000 ರೂ. ದಂಡ ಮತ್ತು ಮೂರು ವರ್ಷದವರೆಗೆ ಸಜೆ ವಿಧಿಸಲು ಅವಕಾಶವಿದೆ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್‌ಆರ್ ಸಿಗದು.

ಎಲ್‌ಎಲ್‌ಆರ್ ಪಡೆದು 30 ದಿನ ಕಳೆದ ನಂತರವೇ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಅದರ ಅವಧಿ ಆರು ತಿಂಗಳು. 31ನೇ ದಿನವೇ ಪರೀಕ್ಷೆಗೆ ಕಳುಹಿಸುವ ಆತುರದಲ್ಲಿರುವ ಪೋಷಕರು ಉಳಿದ ಐದು ತಿಂಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.