ಅಬ್ಬರದ ಒಳಗೊಂದು ಮಾತು: ರಾಜಕೀಯ ಹೇಳುವ ಮೆಟಲ್ ತಂಡಗಳ ಕಥೆ

ನಿಮ್ಮ ಮನೆಯಲ್ಲಿ ಮೆಟಲ್ ಸಂಗೀತ ಕೇಳುವ ಹುಡುಗನೋ ಹುಡುಗಿಯೋ ಇದ್ದರೆ ಈ ಅನುಭವ ಆಗಿಯೇ ಇರುತ್ತದೆ. ಬಾಗಿಲ ಸಂದಿಯಿಂದ ಗರಗಸ ಎಳೆದಂಥ ಗಿಟಾರು, ತಗಡಿನ ಮೇಲೆ ಆಲಿಕಲ್ಲು ಸುರಿದಂಥ ಡ್ರಮ್ಮು, ಅದರ ಮೇಲೊಂದು ಗುರುಗುಟ್ಟುವ ದನಿ. ‘ಇದಕ್ಕೂ ಹಾಡು ಅಂತಾರೇನು?’ ಅಂತ ಕೇಳಿ ಸುಮ್ಮನಾಗಿರುತ್ತೀರಿ. ಆದರೆ ಆ ಗುರುಗುಟ್ಟುವವರಲ್ಲಿ ಕೆಲವರು ಕೋಮು ಗಲಭೆ, ಭ್ರಷ್ಟಾಚಾರ, ಯುದ್ಧ, ನೀರಿನ ಮಾಲಿನ್ಯದ ಬಗ್ಗೆ ಹಾಡುತ್ತಿರುತ್ತಾರೆ ಅಂದರೆ ನಂಬುತ್ತೀರಾ?

ಇದು ಹೊಸದೇನಲ್ಲ. ಮೆಟಲ್‌ನ ಮೊದಲ ತಂಡ ಎಂದು ಹೆಸರಾದ ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬತ್, 1970ರಲ್ಲೇ ‘ವಾರ್ ಪಿಗ್ಸ್’ ಎಂಬ ಯುದ್ಧವಿರೋಧಿ ಹಾಡು ಮಾಡಿತ್ತು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ ಅದು. ಆಮೇಲೆ ಸಂಗೀತ ವೇಗವಾಯಿತು, ದನಿ ಒರಟಾಯಿತು. ಡೆತ್ ಮೆಟಲ್, ಬ್ಲ್ಯಾಕ್ ಮೆಟಲ್, ಗ್ರೈಂಡ್‌ಕೋರ್ ಎಂಬ ಕವಲುಗಳು ಹುಟ್ಟಿದವು. ಇವನ್ನೆಲ್ಲ ಸೇರಿಸಿ ‘ಎಕ್ಸ್‌ಟ್ರೀಮ್ ಮೆಟಲ್’ ಅನ್ನುತ್ತಾರೆ. 1987ರಲ್ಲಿ ‘ಸ್ಕಮ್’ ಎಂಬ ಆಲ್ಬಂ ತಂದ ನೇಪಾಮ್ ಡೆತ್ ತಂಡದ ಒಂದು ಹಾಡು ಒಂದೂವರೆ ಸೆಕೆಂಡೂ ಇಲ್ಲ. ಗಿನ್ನೆಸ್ ದಾಖಲೆಗೂ ಸೇರಿತು. ನಾವು ಸೀನುವಷ್ಟರಲ್ಲಿ ಹಾಡು ಮುಗಿದಿರುತ್ತದೆ, ಆದರೆ ಅದರೊಳಗೂ ಒಂದು ಪ್ರಶ್ನೆ ಇದೆ.

ದನಿ ಹೀಗೇಕೆ?

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಾತ್ರೆಯಲ್ಲಿ ಮೈಕಿನವನು ವಾಲ್ಯೂಮ್ ಪೂರ್ತಿ ಏರಿಸಿದಾಗ ದನಿ ‘ಒಡೆಯುತ್ತದೆ’ ಅಲ್ಲವೇ? ಆಂಪ್ಲಿಫೈಯರ್ ತಾಳುವ ಮಿತಿ ಮೀರಿದಾಗ ಶಬ್ದದ ಅಲೆಯ ತುದಿ ಕತ್ತರಿಸಿ ಹೋಗುತ್ತದೆ, ಮೂಲದಲ್ಲಿ ಇಲ್ಲದ ಹೊಸ ಸ್ವರಗಳು ಸೇರಿಕೊಳ್ಳುತ್ತವೆ. ಮೈಕಿನವನಿಗೆ ಅದು ತಪ್ಪು, ಗಿಟಾರಿನವನಿಗೆ ಅದೇ ಬೇಕು. ಗುರುಗುಟ್ಟುವ ದನಿಯೂ ಬರೀ ಕಿರುಚಾಟವಲ್ಲ. ನಮ್ಮ ಗಂಟಲಲ್ಲಿ ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಅವನ್ನು ಕಂಪಿಸುವಂತೆ ಮಾಡುವುದನ್ನು ತಿಂಗಳುಗಟ್ಟಲೆ ಕಲಿಯಬೇಕು. ಕಲಿಯದೆ ಅರಚಿದರೆ ಎರಡೇ ದಿನಕ್ಕೆ ಗಂಟಲು ಕೂತುಹೋಗುತ್ತದೆ.

ಸಿಟ್ಟು, ಭಯ, ಅಸಹ್ಯ ಇವನ್ನು ಮಾತಿಗಿಂತ ಮೊದಲು ಮೈಗೆ ಮುಟ್ಟಿಸುವುದು ಈ ದನಿಯ ಕೆಲಸ. ಹೇಳಬೇಕಾದ ವಿಷಯ ಹತ್ಯಾಕಾಂಡವೇ ಆಗಿದ್ದರೆ ಇಂಪಾಗಿ ಹಾಡುವುದೇ ಸುಳ್ಳು ಅನ್ನುವುದು ಇವರ ವಾದ.

ಚಾರ್ವಾಕ, ಸಾಂಖ್ಯ, ಮೀಮಾಂಸ

ನಮ್ಮ ರಾಜ್ಯದಲ್ಲಿ ಮೆಟಲ್ ಅಂದರೆ ಬೆಂಗಳೂರು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಹಾಡಿತು, 2011ರ ಅಕ್ಟೋಬರ್ 30ರಂದು ಅಲ್ಲೇ ಮೆಟಾಲಿಕಾ ಬಂತು. ಡೈಯಿಂಗ್ ಎಂಬ್ರೇಸ್, ಕ್ರಿಪ್ಟೋಸ್‌ನಂಥ ಬೆಂಗಳೂರಿನ ತಂಡಗಳು ಅದಕ್ಕೂ ಮೊದಲೇ, ತೊಂಬತ್ತರ ದಶಕದಲ್ಲೇ ಶುರುವಾಗಿದ್ದವು. ಆದರೆ ನೇರ ರಾಜಕೀಯವನ್ನೇ ಹೊತ್ತು ನಡೆದ ತಂಡ ನೋಡಬೇಕೆಂದರೆ ಕೋಲ್ಕತ್ತಕ್ಕೆ ಹೋಗಬೇಕು. ಅದರ ಹೆಸರು ಹೀದನ್ ಬೀಸ್ಟ್.

ಮೂವರ ತಂಡ. ತಮ್ಮ ನಿಜ ಹೆಸರು ಯಾರೂ ಹೇಳಿಕೊಂಡಿಲ್ಲ. ಇಟ್ಟುಕೊಂಡ ಹೆಸರು ಚಾರ್ವಾಕ, ಸಾಂಖ್ಯ, ಮೀಮಾಂಸ. ಹೆಸರಿನಲ್ಲೇ ಒಂದು ವಾದವಿದೆ. ಚಾರ್ವಾಕರು ದೇವರನ್ನೂ ಪರಲೋಕವನ್ನೂ ಒಪ್ಪದವರು. ಹಳೆಯ ಸಾಂಖ್ಯ ಮತ್ತು ಮೀಮಾಂಸೆ ಸೃಷ್ಟಿಕರ್ತನೊಬ್ಬನ ಅಗತ್ಯವಿಲ್ಲದೆಯೇ ಜಗತ್ತನ್ನು ವಿವರಿಸಲು ಹೊರಟ ದರ್ಶನಗಳು. ‘ನಾಸ್ತಿಕತೆ ಹೊರಗಿನಿಂದ ಬಂದ ಸರಕಲ್ಲ’ ಅಂತ ಒಂದೂ ಮಾತಾಡದೆ ಹೇಳಿದಂತಾಯಿತು.

2012ರಲ್ಲಿ ಅಯೋಧ್ಯೆಯ ವಿಷಯ ಇಟ್ಟುಕೊಂಡು ‘ಅಯೋಧ್ಯಾ ಬರ್ನ್ಸ್’ ತಂದರು. ವಿಗ್ರಹ ವಿಸರ್ಜನೆಯಿಂದ ನೀರು ಕೆಡುವುದೂ ಅವರಿಗೆ ಹಾಡಿನ ವಸ್ತುವಾಯಿತು. 2020ರಲ್ಲಿ ಬಂದ ‘ದಿ ರೆವಲ್ಯೂಷನ್ ವಿಲ್ ನಾಟ್ ಬಿ ಟೆಲಿವೈಸ್ಡ್, ಬಟ್ ಇಟ್ ವಿಲ್ ಬಿ ಹರ್ಡ್’ ಆಲ್ಬಂನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯಿಂದ ಹಿಡಿದು ಅಧಿಕಾರದಲ್ಲಿರುವವರವರೆಗೆ ಬೈಗುಳದ ಸಮೇತ ಹೆಸರು ಹಿಡಿದೇ ಹಾಡಿದ್ದಾರೆ. ಅವರು ಹೇಳಿದ್ದನ್ನೆಲ್ಲ ಒಪ್ಪಬೇಕೆಂದಿಲ್ಲ. ಆ ಭಾಷೆ ನಮ್ಮ ಪಡಸಾಲೆಯಲ್ಲಿ ಕೂತು ಕೇಳುವಂಥದ್ದೂ ಅಲ್ಲ. ಆದರೆ ಮುಸುಕು ಯಾಕೆ ಅಂತ ಯೋಚಿಸಬೇಕು. ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕ ಧಕ್ಕೆ ತಂದರೆ ಮೂರು ವರ್ಷದವರೆಗೆ ಜೈಲು ಎಂಬ ಕಾನೂನು ನಮ್ಮಲ್ಲಿದೆ. ಮೊದಲು ಅದು 295ಎ ಕಲಮು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 299. ಕೋರ್ಟಿಗೆ ಹೋಗುವ ಮೊದಲೇ ಮನೆ ಬಾಗಿಲಿಗೆ ಬರುವ ಗುಂಪು ಬೇರೆ.

ಇಂಥ ಹಾಡನ್ನು ದೊಡ್ಡ ಕಂಪನಿ ಮುಟ್ಟುವುದು ಕಷ್ಟ. ಹಾಗಾಗಿ ‘ಸ್ವತಂತ್ರ’ ಅನ್ನುವುದು ಇಲ್ಲಿ ಶೋಕಿಯಲ್ಲ, ಗತ್ಯಂತರವೇ ಅದು. ಇವತ್ತು ಒಂದು ಲ್ಯಾಪ್‌ಟಾಪ್, ಗಿಟಾರನ್ನು ಅದಕ್ಕೆ ಜೋಡಿಸುವ ಒಂದು ಸಣ್ಣ ಪೆಟ್ಟಿಗೆ, ಡ್ರಮ್ಮಿನ ಸಾಫ್ಟ್‌ವೇರ್ ಇದ್ದರೆ ಮಲಗುವ ಕೋಣೆಯಲ್ಲೇ ಆಲ್ಬಂ ಮಾಡಬಹುದು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಹಾಕಿದರೆ ಡಿಜಿಟಲ್ ಮಾರಾಟದಲ್ಲಿ ಶೇ 15ರಷ್ಟನ್ನು ಅವರು ಹಿಡಿಯುತ್ತಾರೆ. ಪಾವತಿ ಶುಲ್ಕ ಕಳೆದು ಉಳಿದದ್ದು ತಂಡಕ್ಕೆ. ಬದುಕು ನಡೆಯುವಷ್ಟು ದುಡ್ಡು ಬರುವುದಿಲ್ಲ, ಹಗಲಿಗೊಂದು ನೌಕರಿ ಬೇಕೇ ಬೇಕು. ಆದರೆ ಸಾಲು ತೆಗಿ ಅನ್ನುವವರು ಯಾರೂ ಇರುವುದಿಲ್ಲ.

ಅವ್ವನ ಪ್ರಶ್ನೆ

ಕೊರೊನಾ ಕಾಲದಲ್ಲಿ ನಾನು ಬ್ಯಾಡಗಿಯ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದೆ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಾಗ ಈ ಆಲ್ಬಂ ಹಚ್ಚಿದ್ದೆ. ಒಂದು ಹಾಡಿನ ತಾತ್ಪರ್ಯವನ್ನು ಕನ್ನಡದಲ್ಲಿ ಹೇಳಿದೆ, ಬೈಗುಳ ಬಿಟ್ಟು. ಅವ್ವ ಪೂರ್ತಿ ಕೇಳಿ, “ಅಲ್ಲೋ ತಮ್ಮಾ, ಇಷ್ಟ್ ಚಲೋ ಮಾತೈತಿ ಅಂದ್ರ, ಮಂದಿಗೆ ತಿಳಿಯುವಂಗ ಹಾಡಾಕ ಏನ್ ಧಾಡಿ ಅವಕ್ಕ?” ಅಂದಳು.

ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಅಲ್ಲೇ. ಯಾಕೆಂದರೆ ರಾಜಕೀಯ ಹಾಡು ನಮ್ಮ ಕಡೆಯವರಿಗೆ ಹೊಸದಲ್ಲ. ಹತ್ತನೇ ಇಯತ್ತೆಯ ಮಕ್ಕಳು ‘ಹಲಗಲಿ ಬೇಡರು’ ಲಾವಣಿ ಓದುತ್ತಾರೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಒಲ್ಲೆ ಅಂದ ಊರಿನ ಕಥೆ. ಅದರಲ್ಲಿ ರಕ್ತವಿದೆ, ಬೆಂಕಿಯಿದೆ, ದೊರೆಗಳ ಮೇಲಿನ ಸಿಟ್ಟಿದೆ. ವಸ್ತುವಿನಲ್ಲಿ ಅದು ಯಾವ ಡೆತ್ ಮೆಟಲ್ಲಿಗೂ ಕಡಿಮೆಯಿಲ್ಲ. ಆದರೆ ಪ್ರತಿ ಶಬ್ದ ಕೇಳುತ್ತದೆ. ಗೀಗೀ ಮೇಳದಲ್ಲೂ ಅಷ್ಟೇ: ಡಪ್ಪು, ತುಂತುಣಿ ಎಷ್ಟೇ ಜೋರಿದ್ದರೂ ಮಾತು ಬಂದಾಗ ತಗ್ಗುತ್ತವೆ, ಹಿಮ್ಮೇಳದವರು ದನಿಗೂಡಿಸಿ ಸಾಲನ್ನು ಕೇಳುವವರ ಕಿವಿಯೊಳಗೆ ಊರುತ್ತಾರೆ. ಇನ್ನೊಂದು ಫರಕು, ಅಂಕಿತ. ಆ ಲಾವಣಿಯಲ್ಲಿ ಕುರ್ತಕೋಟಿ ಕಲ್ಮೇಶನ ಹೆಸರಿದೆ. ಕೋಲ್ಕತ್ತದ ಮೂವರು ಮುಸುಕು ಹಾಕಿಕೊಂಡಿದ್ದಾರೆ. ಸಂವಿಧಾನ ಇರುವ ಕಾಲದಲ್ಲಿ ಹಾಡುಗಾರ ಹೆಸರು ಮುಚ್ಚಿಡಬೇಕಾಗಿ ಬಂದಿದ್ದು ಅವರ ಅಂಜುಬುರುಕುತನವೋ, ನಮ್ಮ ಕಾಲದ ಮೇಲಿನ ಷರಾವೋ, ನೀವೇ ನಿರ್ಧರಿಸಿ.

ಅವ್ವನ ಪ್ರಶ್ನೆಗೆ ಕೆಲವು ತಂಡಗಳು ಉತ್ತರ ಹುಡುಕಿವೆ. ಕಣ್ಣೂರಿನ ದಿ ಡೌನ್ ಟ್ರಾಡೆನ್ಸ್ ಕೇರಳದ ಜನಪದವನ್ನು ಮೆಟಲ್ಲಿಗೆ ಬೆರೆಸಿ 2014ರಲ್ಲಿ ಆಲ್ಬಂ ತಂದಿತು. ದೆಹಲಿಯ ಬ್ಲಡಿವುಡ್ ಎಕ್ಸ್‌ಟ್ರೀಮ್ ಅನ್ನುವಷ್ಟು ಒರಟಲ್ಲ, ಆದರೆ ಡೋಲು ಹಿಡಿದು ಹಿಂದಿ, ಪಂಜಾಬಿಯಲ್ಲಿ ಲೈಂಗಿಕ ದೌರ್ಜನ್ಯದ ವಿರುದ್ಧ, ಧರ್ಮದ ಹೆಸರಿನ ರಾಜಕಾರಣದ ವಿರುದ್ಧ ಹಾಡುತ್ತದೆ. ನ್ಯೂಜಿಲೆಂಡಿನ ಏಲಿಯನ್ ವೆಪನ್ರಿ ಹುಡುಗರು ತಮ್ಮ ಮಾವೋರಿ ಭಾಷೆಯಲ್ಲಿ, 1864ರಲ್ಲಿ ತಮ್ಮ ಹಿರಿಯರು ಬ್ರಿಟಿಷರ ವಿರುದ್ಧ ಮಾಡಿದ ಯುದ್ಧವನ್ನು ಹಾಡಿದರು. ಭಾಷೆ ತಿಳಿಯದವರೂ ಕುಣಿದರು, ತಿಳಿದವರಿಗೆ ಅದು ತಮ್ಮ ಚರಿತ್ರೆ. ಅಬ್ಬರ ಜಗತ್ತಿಗೆ, ಮಾತು ಮನೆಯವರಿಗೆ.

ಇಂಗ್ಲಿಷಿನಲ್ಲಿ ಗುರುಗುಟ್ಟಿದರೆ ಕೇಳುವವರು ನನ್ನಂಥ ಎಂಜಿನಿಯರಿಂಗ್ ಹಾಸ್ಟೆಲ್ಲಿನ ಹುಡುಗರು ಮಾತ್ರ. ನಾವು ಕೇಳಿ ತಲೆ ಕುಣಿಸಿ ಸೋಮವಾರ ಆಫೀಸಿಗೆ ಹೋಗುತ್ತೇವೆ. ಯಾರ ಸಂಕಟದ ಹಾಡೋ ಅವರಿಗೆ ಅದು ಮುಟ್ಟುವುದೇ ಇಲ್ಲ.

ನಮ್ಮಲ್ಲಿ ವಸ್ತುವಿಗೇನು ಬರ?

2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ರೈತರು ಜೀವ ಕಳೆದುಕೊಂಡರು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಬಿದ್ದು ರೈತರು ರೊಚ್ಚಿಗೆದ್ದರು, ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಟಿವಿಯವರು ಎರಡು ದಿನ ಬೆಂಕಿ ತೋರಿಸಿದರು. ಗಾಡಿ ಬಾಡಿಗೆ ಕೊಟ್ಟು ಚೀಲ ತಂದವನ ಲೆಕ್ಕ ಯಾರು ಹೇಳಿದರು? ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆ ಹೊಲಗಳಲ್ಲಿ ಬಗ್ಗಿ ನಿಂತು ಹೂವಿಗೆ ಹೂವು ತಾಕಿಸುವ ಹೆಣ್ಣುಮಕ್ಕಳ ಬೆನ್ನುನೋವಿಗೆ ಯಾವ ರಾಗ ಇದೆ?

ಇದನ್ನೆಲ್ಲ ಹಾಡಲು ಮೆಟಲ್ಲೇ ಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಇಪ್ಪತ್ತರ ಹರೆಯದವರ ಕಿವಿಗೆ ಆ ದನಿ ಒಗ್ಗಿದೆ, ರೆಕಾರ್ಡ್ ಮಾಡುವ ಖರ್ಚೂ ಇಳಿದಿದೆ. ಗಿಟಾರು ಹಿಡಿದವರು ಗೀಗೀ ಮೇಳದವರ ಹತ್ತಿರ ಒಂದು ವಾರ ಕೂತರೆ, ಅಬ್ಬರವನ್ನು ಎಲ್ಲಿ ಏರಿಸಬೇಕು, ಮಾತಿಗಾಗಿ ಎಲ್ಲಿ ತಗ್ಗಿಸಬೇಕು ಅನ್ನುವುದು ತಿಳಿದೀತು. ಕೇಳುವವರಿಗೂ ಒಂದು ಮಾತು: ಮಕ್ಕಳು ಇಂಥದ್ದು ಹಚ್ಚಿದಾಗ ‘ಬಂದ್ ಮಾಡು’ ಅನ್ನುವ ಮೊದಲು ‘ಏನಂತಾರ ಅದರಾಗ?’ ಅಂತ ಕೇಳಿ. ಹೇಳಲು ಬಂದರೆ ಹಾಡಿನಲ್ಲಿ ಹುರುಳಿದೆ. ಹೇಳಲು ಬರದಿದ್ದರೆ, ಸಾಹಿತ್ಯ ಓದಿ ಬಂದು ಹೇಳುವ ಕೆಲಸ ಅವರ ಪಾಲಿಗೆ.